ಏನೂ ಇಲ್ಲದ್ದನ್ನು ಅಳೆದವಳು

ನಮ್ಮ ಅಕ್ಕನಿಗೆ ಡಾಕ್ಟರೇಟ್ ಬರಲಿಲ್ಲ. ಬದಲಿಗೆ ಸತ್ಯವಂತೆ ಎಂಬ ಹೆಸರು ಬಂತು. ಡಾಕ್ಟರೇಟ್ ಬಂದಿದ್ದರೆ ಕಾಲೇಜಿನಲ್ಲಿ ಕಾಯಂ ಕೆಲಸ, ಇರಲು ಕ್ವಾರ್ಟರ್ಸ್, ಬಾಗಿಲ ಮೇಲೊಂದು ಹೆಸರಿನ ಫಲಕ ಎಲ್ಲವೂ ಬರುತ್ತಿತ್ತು. ಸತ್ಯವಂತೆಗೆ ಯಾರೂ ಕ್ವಾರ್ಟರ್ಸ್ ಕೊಡುವುದಿಲ್ಲ. ಆದರೂ ನಮ್ಮ ಮನೆಯವರು ಇಷ್ಟು ವರ್ಷ ಬೀದಿಯಲ್ಲಿ ತಲೆ ಎತ್ತಿ ನಡೆದದ್ದು ಆ ಹೆಸರಿನ ಬಲದ ಮೇಲೆಯೇ. ಇಂಥ ಹೆಸರನ್ನು ಅವಳು ಹೇಗೆ ಗಳಿಸಿದಳು, ಹೇಗೆ ಉಳಿಸಿಕೊಂಡಳು ಎಂಬುದನ್ನು ಈಗ ಹೇಳುತ್ತೇನೆ. ಹೇಳುವಾಗ ನನ್ನ ಮಾತು ಖಾರವಾದರೆ ಆಗಲಿ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಪ್ಪ ಬೇಗ ಹೋದಾಗ ಅಮ್ಮ ನಮ್ಮಿಬ್ಬರನ್ನು ಕೂರಿಸಿಕೊಂಡು, ದೊಡ್ಡವಳಿಗೆ ಓದು, ಚಿಕ್ಕವಳಿಗೆ ಹೊಲಿಗೆ ಎಂದು ಹಂಚಿಬಿಟ್ಟಳು. ನನಗೆ ಓದು ತಲೆಗೆ ಹತ್ತುತ್ತಿರಲಿಲ್ಲ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹತ್ತುತ್ತಿತ್ತೋ ಇಲ್ಲವೋ, ಹತ್ತಿಸಿ ನೋಡಿದವರು ಯಾರು? ಅಕ್ಕ ಮಾತ್ರ ಪುಸ್ತಕ ಹಿಡಿದು ಹುಟ್ಟಿದವಳಂತೆ ಓದಿದಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯದ ನೆಲಮಾಳಿಗೆಯ ಒಂದು ಪ್ರಯೋಗಾಲಯಕ್ಕೆ ಪಿಎಚ್.ಡಿ. ಮಾಡಲು ಸೇರಿಕೊಂಡಳು.

ಅಲ್ಲಿ ಅವಳು ಅಳೆಯುತ್ತಿದ್ದದ್ದು ಏನನ್ನು ಎಂದು ಕೇಳಿದರೆ, ಏನೂ ಇಲ್ಲದ್ದನ್ನು. ನಾನು ಹುಡುಗಾಟ ಆಡುತ್ತಿಲ್ಲ. ಒಂದು ಸ್ಟೀಲಿನ ಡಬ್ಬಿ, ಅದರೊಳಗಿನ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆದಿರುತ್ತದೆ. ಒಳಗೆ ಬಂಗಾರದ ತೆಳು ಲೇಪ ಹಚ್ಚಿದ ಒಂದು ತಟ್ಟೆ. ಅದರೆದುರು ಅದೇ ಲೇಪದ ಒಂದು ಗಾಜಿನ ಗುಂಡು, ಕೂದಲಿನಷ್ಟು ಸಪೂರದ ಕಡ್ಡಿಗೆ ಅಂಟು ಹಾಕಿ ನಿಲ್ಲಿಸಿದ್ದು. ಎರಡನ್ನೂ ಹತ್ತಿರ ಹತ್ತಿರ ತರಬೇಕು, ಮುಟ್ಟಿಸಬಾರದು. ಆಗ ಯಾರೂ ಎಳೆಯದೆ ಅವು ಒಂದರ ಕಡೆಗೊಂದು ವಾಲುತ್ತವಂತೆ. ಆ ವಾಲುವಿಕೆ ಎಷ್ಟು ಎಂದು ಅಳೆಯುವುದೇ ಅಕ್ಕನ ಕೆಲಸ.

"ಯಾರೂ ಎಳೀದೆ ಅದ್ಯಾಕೆ ವಾಲತ್ತೆ?" ಎಂದು ನಾನು ಒಮ್ಮೆ ಕೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಗುತ್ತದೆಂದು ಗೊತ್ತಿದ್ದರೂ ಅಕ್ಕ ಕೂತು ಹೇಳಿದಳು. ಖಾಲಿ ಜಾಗ ಎಂಬುದು ನಾವು ತಿಳಿದಷ್ಟು ಖಾಲಿ ಅಲ್ಲವಂತೆ. ವಿದ್ಯುತ್ ಕ್ಷೇತ್ರ ಎಂಬುದು ಎಲ್ಲ ಕಡೆಯೂ ಹರಡಿಕೊಂಡಿದೆ. ಗಾಳಿ ತೆಗೆದರೂ, ಬೆಳಕು ತೆಗೆದರೂ ಅದನ್ನು ಪೂರ್ತಿ ಸುಮ್ಮನಾಗಿಸಲು ಯಾರಿಂದಲೂ ಆಗದು, ಕ್ವಾಂಟಮ್ ನಿಯಮವೇ ಹಾಗಿದೆ. ಅದು ಸದಾ ಸಣ್ಣಗೆ ನಡುಗುತ್ತಿರುತ್ತದೆ. ಆ ನಡುಕ ತಗಲುವುದು ಚಾರ್ಜ್ ಇರುವ ಕಣಗಳಿಗೆ ಮಾತ್ರ. ಲೋಹದ ತುಂಬ ಎಲೆಕ್ಟ್ರಾನುಗಳು ಓಡಾಡಿಕೊಂಡಿರುವುದರಿಂದ ಲೋಹಕ್ಕೆ ಅದು ಚೆನ್ನಾಗಿ ತಗಲುತ್ತದೆ. ಎರಡು ಲೋಹಗಳು ತೀರ ಹತ್ತಿರ ಬಂದರೆ ನಡುವಿನ ಇಕ್ಕಟ್ಟಿನಲ್ಲಿ ಎಲ್ಲ ನಡುಕಗಳಿಗೂ ಜಾಗ ಸಾಲದು. ಹೊರಗೆ ಜಾಸ್ತಿ, ಒಳಗೆ ಕಡಿಮೆ. ಹೊರಗಿನದು ಎರಡನ್ನೂ ಒಳಕ್ಕೆ ದಬ್ಬುತ್ತದೆ.

ಕಾಳು ಆರಿಸುತ್ತಿದ್ದ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು, "ಅಂದ್ರೆ ಏನೂ ಇಲ್ದೇ ಇರೋದೂ ಸುಮ್ನಿರಲ್ಲ ಅನ್ನು" ಎಂದಳು. ಅಕ್ಕನಿಗೆ ಖುಷಿಯಾಗಿ ಇನ್ನೊಂದು ಮಾತು ಹೇಳಿದಳು. ಒಂದು ಎಲೆಕ್ಟ್ರಾನನ್ನು ತಂದು ಆ ಶೂನ್ಯದಲ್ಲಿಟ್ಟರೆ ಅದೂ ಒಂಟಿಯಾಗಿ ಇರುವುದಿಲ್ಲವಂತೆ. ಸುತ್ತಲಿನ ಶೂನ್ಯವೇ ಕದಲಿ, ಅದನ್ನು ಮುತ್ತಿಕೊಂಡು, ಅದರ ಚಾರ್ಜನ್ನು ಒಂದಿಷ್ಟು ಮುಚ್ಚಿಬಿಡುತ್ತದೆ. ದೂರದಿಂದ ನಾವು ಅಳೆಯುವುದೆಲ್ಲ ಹೀಗೆ ಮುಚ್ಚಿಕೊಂಡ ಚಾರ್ಜನ್ನೇ. ಅದರ ಬರೀ ಮೈಯನ್ನು ಕಂಡವರಿಲ್ಲ.

"ಹಾಗಾದ್ರೆ ಅದಕ್ಕೂ ಮಾನ ಮುಚ್ಚೋಕೆ ಬಟ್ಟೆ ಬೇಕು. ಚಿಕ್ಕವಳ ಹತ್ರ ಅಳತೆ ಕೊಟ್ಟು ಹೋಗೋಕೆ ಹೇಳು" ಎಂದಳು ಅಮ್ಮ. ನಾವು ಮೂವರೂ ಆ ದಿನ ನಕ್ಕದ್ದು ನನಗೆ ನೆನಪಿದೆ.

ಅಕ್ಕನ ಗೈಡ್ ಒಬ್ಬ ಹಿರಿಯ ಪ್ರೊಫೆಸರ್. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಸ್ವಿಚ್ ಸರ್. ಕೋಣೆಯಿಂದ ಕೋಣೆಗೆ ಹೋಗುತ್ತ, ಫ್ಯಾನು, ದೀಪ, ಮೀಟರು ಏನು ಕಂಡರೂ ಆರಿಸಿಕೊಂಡು ಹೋಗುವ ಮನುಷ್ಯ. ಒಳಗೆ ಜನ ಕೂತಿದ್ದರೂ ಆರಿಸುತ್ತಿದ್ದರಂತೆ. ಹರಕು ಚೀಲ, ಅರ್ಧ ಪೆನ್ಸಿಲು. ಹೆಸರು ತಂದುಕೊಟ್ಟದ್ದು ಒಂದೇ ಒಂದು ಪ್ರಬಂಧ, ಇದೇ ತಟ್ಟೆ ಮತ್ತು ಗುಂಡಿನ ಅಳತೆ. ಶೂನ್ಯದ ಒತ್ತು ಇಷ್ಟೇ ಎಂದು ಅವರು ಚಿಕ್ಕ ವಯಸ್ಸಿನಲ್ಲಿ ಅಳೆದಿದ್ದರು. ಅಕ್ಕ ಅದನ್ನೇ ಇನ್ನೂ ನಿಖರವಾಗಿ ಅಳೆಯಬೇಕು, ಪದವಿ ತೆಗೆದುಕೊಳ್ಳಬೇಕು ಎಂಬುದು ಒಪ್ಪಂದ.

ಅವರಿಬ್ಬರ ಮೊದಲ ಜಗಳ ಒಂದು ಗೇಜಿನ ಮೇಲೆ. ಡಬ್ಬಿಯೊಳಗೆ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಗೇಜ್ ಅದು. ಅದರಲ್ಲೊಂದು ತಂತಿ ಕೆಂಪಗೆ ಕಾದು ಉರಿಯುತ್ತಿರುತ್ತದೆ. ಉರಿಯುತ್ತಿದ್ದರೆ ತಂತಿ ಬೇಗ ಸವೆಯುತ್ತದೆಂದು ಪ್ರೊಫೆಸರ್ ಒಮ್ಮೆ ನೋಡಿ ಆರಿಸಿಬಿಡುತ್ತಿದ್ದರು. ಅಕ್ಕ ಹಾಗಲ್ಲ. ಬಾಗಿಲಿಗೆ ಬೀಗ ಹಾಕಿ ಮತ್ತೆ ತಿರುಗಿ ಬಂದು ಎಳೆದು ನೋಡುವ ಜಾತಿ. ಅವಳಿಗಿಂತ ಮುಂಚೆ ಇದ್ದ ವಿದ್ಯಾರ್ಥಿಯೊಬ್ಬ ಡಬ್ಬಿ ಸೋರುತ್ತಿದ್ದದ್ದು ತಿಳಿಯದೆ ಇಡೀ ಚಳಿಗಾಲದ ಅಳತೆ ಹಾಳು ಮಾಡಿಕೊಂಡಿದ್ದನಂತೆ. "ಸರ್, ನೋಡ್ತಾ ಇಲ್ದೇ ಒಳಗೆ ಶೂನ್ಯ ಇದೆ ಅಂತ ಹೇಗೆ ನಂಬೋದು?" ಎಂದು ಅಕ್ಕ ಹಟ ಹಿಡಿದಳು. ಅವರು ಗೊಣಗಿಕೊಂಡು ಬದಲಿ ತಂತಿ ತರಿಸಿಕೊಟ್ಟರು. ಅಲ್ಲಿಂದ ಮುಂದೆ ಅವಳ ಪ್ರಯೋಗದಲ್ಲಿ ಗೇಜ್ ಆರಿದ್ದೇ ಇಲ್ಲ. ಮನೆಗೆ ಬಂದು ಇದನ್ನು ಗೆದ್ದು ಬಂದವಳ ಹಾಗೆ ಹೇಳಿದಳು, ನಾವೂ ಹಿಗ್ಗಿದೆವು.

ಎರಡನೆಯ ಜಗಳ ದೊಡ್ಡದು. ಶೂನ್ಯದ ಒತ್ತು ತೀರ ಸಣ್ಣದು. ಲೋಹದ ಮೇಲೆ ಅಲ್ಲಲ್ಲಿ ಕೂತ ಚಿಲ್ಲರೆ ಚಾರ್ಜ್ ಕೂಡ ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ತಟ್ಟೆಗೂ ಗುಂಡಿಗೂ ನಡುವೆ ಸಣ್ಣ ವೋಲ್ಟೇಜ್ ಕೊಟ್ಟು ಚಾರ್ಜಿನ ಎಳೆತವನ್ನು ಮೊದಲು ಅಡಗಿಸಬೇಕು. ಪ್ರೊಫೆಸರ್ ತಮ್ಮ ಕಾಲದಲ್ಲಿ ಆ ವೋಲ್ಟೇಜನ್ನು ಒಂದು ಸಲ ಹುಡುಕಿ, ಎಲ್ಲ ದೂರಗಳಿಗೂ ಅದನ್ನೇ ಇಟ್ಟುಕೊಂಡಿದ್ದರು. ಅಕ್ಕ ಪ್ರತಿ ದೂರದಲ್ಲೂ ಹುಡುಕಿದಳು. ದೂರ ಕಡಿಮೆಯಾದಂತೆ ವೋಲ್ಟೇಜ್ ಬೇರೆಯಾಗುತ್ತ ಬಂತು. ಮತ್ತೆ ಅಳೆದಳು, ಮತ್ತೆ ಹಾಗೆಯೇ. ಇದರ ಅರ್ಥ, ಪ್ರೊಫೆಸರ್ ಶೂನ್ಯದ್ದು ಎಂದು ಜಗತ್ತಿಗೆ ಹೇಳಿದ ಒತ್ತಿನಲ್ಲಿ ಚಾರ್ಜಿನ ಎಳೆತವೂ ಬೆರೆತಿತ್ತು. ಅವರ ಹೆಸರು ನಿಂತಿದ್ದ ಒಂದೇ ಒಂದು ಅಂಕಿ ಸುಳ್ಳು.

ಪ್ರೊಫೆಸರ್ ಒಪ್ಪಲಿಲ್ಲ. ನಿನ್ನ ಕೈಯಲ್ಲೇ ಎಲ್ಲೋ ತಪ್ಪಿದೆ ಎಂದರು. ಎಲ್ಲಿ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಕೊನೆಗೆ, ಒಂದೇ ವೋಲ್ಟೇಜ್ ಇಟ್ಟುಕೊಂಡು ಲೆಕ್ಕ ಹಾಕು, ಪ್ರಬಂಧ ಕೊಡು, ಪದವಿ ತಗೊಂಡು ಹೋಗು, ಮಿಕ್ಕದ್ದನ್ನು ಮುಂದಿನವರು ನೋಡಿಕೊಳ್ಳಲಿ ಎಂದುಬಿಟ್ಟರು. ಅವಳಿಗೆ ಕಾಲೇಜಿನ ಕೆಲಸ ಹೆಚ್ಚು ಕಡಿಮೆ ಕಾದಿತ್ತು. ಒಂದು ಸಹಿ ಸಾಕಿತ್ತು.

ಅಕ್ಕ ಮನೆಗೆ ಬಂದು ನನ್ನ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಸುಳ್ಳು ಬರೆಯೋಕೆ ನನ್ನಿಂದ ಆಗಲ್ಲ ಕಣೆ" ಎಂದಳು.

ಆಗ ನಾನು ಏನು ಹೇಳಬೇಕಿತ್ತು? ನನಗೂ ಆಸೆಗಳಿದ್ದವು. ಅವಳು ಕ್ವಾರ್ಟರ್ಸಿಗೆ ಹೋದರೆ ಅಂಗಡಿಯನ್ನು ಒಳಕೋಣೆಗೂ ಚಾಚಿ ಇನ್ನೊಂದು ಮಿಷನ್ ಹಾಕಬೇಕೆಂದಿದ್ದೆ. ನನ್ನದೊಂದು ಮದುವೆಯ ಮಾತೂ ನಡೆದಿತ್ತು, ಅಕ್ಕನದು ನೆಲೆಯಾಗಲಿ ಎಂದು ಕಾಯುತ್ತಿತ್ತು. ಆದರೆ ಅವಳ ಮುಖ ನೋಡಿದರೆ ಅದು ಯಾವುದೂ ಬಾಯಿಗೆ ಬರಲಿಲ್ಲ. "ನಿಂಗೆ ಸರಿ ಅನ್ನಿಸಿದ್ದು ಮಾಡು" ಎಂದೆ. ಅಮ್ಮ ಒಳಗಿನಿಂದ ಬಂದು, "ನನ್ನ ಮಗಳು ಉಪವಾಸ ಇದ್ರೂ ಪರವಾಗಿಲ್ಲ, ಸುಳ್ಳಿಗೆ ರುಜು ಹಾಕೋದು ಬೇಡ" ಎಂದಳು. ಉಪವಾಸದ ಪಾಲು ಯಾರದು ಎಂದು ಅವಳು ಯೋಚಿಸಿದಂತೆ ಕಾಣಲಿಲ್ಲ.

ಅಕ್ಕ ಪ್ರಯೋಗಾಲಯ ಬಿಟ್ಟು ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾದಳು. ಮದುವೆಯ ಮಾತಿನವರು ಕಾಯುವಷ್ಟು ಕಾದು ಬೇರೆ ಕಡೆ ಹೋದರು. ಅಮ್ಮ ಮಾತ್ರ ಸಿಕ್ಕ ಸಿಕ್ಕವರಿಗೆಲ್ಲ ಈ ಕತೆ ಹೇಳಿದಳು. ಬೀದಿಯವರು ತಮ್ಮ ಮಕ್ಕಳಿಗೆ ಅಕ್ಕನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಶಾಲೆಯ ಹೆಡ್‌ಮಾಸ್ಟರ್ ಕೂಡ, ನಮ್ಮಲ್ಲಿ ಡಾಕ್ಟರೇಟ್ ಕಾಲಿಂದ ಒದ್ದು ಬಂದ ಟೀಚರ್ ಇದ್ದಾರೆ ಎಂದು ಭಾಷಣದಲ್ಲಿ ಸೇರಿಸುತ್ತಿದ್ದರು. ಅಕ್ಕ ಆಗೆಲ್ಲ ತಲೆ ತಗ್ಗಿಸುತ್ತಿದ್ದಳು. ಎಷ್ಟು ವಿನಯ ನೋಡಿ ಎನ್ನುತ್ತಿದ್ದರು. ಪ್ರೊಫೆಸರನ್ನು ಬೈಯುವ ಕೆಲಸ ನನ್ನ ಪಾಲಿಗೆ ಬಂತು, ಅದನ್ನು ನಾನು ಮನಸ್ಸಿಟ್ಟು ಮಾಡಿದೆ. ಸೂಜಿ ಮುರಿದರೂ ಅವರಿಗೇ ಶಾಪ.

ಕೆಲವು ವರ್ಷ ಕಳೆದವು. ದೂರದ ಬೇರೆ ಬೇರೆ ಪ್ರಯೋಗಾಲಯಗಳಿಂದಲೂ ಇಂಥದ್ದೇ ಸುದ್ದಿ ಬರತೊಡಗಿತಂತೆ. ತಮ್ಮ ತಮ್ಮ ತಟ್ಟೆಗಳಲ್ಲೂ ದೂರ ಬದಲಾದಂತೆ ವೋಲ್ಟೇಜ್ ಬದಲಾಗುತ್ತದೆ ಎಂದು ಅವರೆಲ್ಲ ಬರೆದರು. ನಿವೃತ್ತರಾಗಿದ್ದ ಪ್ರೊಫೆಸರ್ ಹೆದರಿದರೋ, ಅವರ ಮನಸ್ಸೇ ಅವರನ್ನು ಕೊರೆಯಿತೋ, ತಾವಾಗಿಯೇ ವಿಜ್ಞಾನ ಪತ್ರಿಕೆಗೆ ಬರೆದು ಆ ಹಳೆಯ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಅಳತೆ ನಂಬುವಂಥದ್ದಲ್ಲ, ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಮೊದಲೇ ಹೇಳಿದ್ದಳು ಎಂದು ನಾಲ್ಕು ಸಾಲು. ಸುದ್ದಿ ಕೇಳಿ ಅಮ್ಮ ಅತ್ತಳು. ನಾನು ಅಂಗಡಿ ಮುಚ್ಚಿ ಪೇಟೆಯಿಂದ ಸಿಹಿ ತಂದೆ. "ಉಪ್ಪು ತಿಂದವನು ನೀರು ಕುಡೀಲೇಬೇಕು" ಎಂದು ಬೀದಿಗೆ ಕೇಳುವ ಹಾಗೆ ಹೇಳಿದೆ. ಮರುವರ್ಷ ಅಮ್ಮ ತೀರಿಕೊಂಡಳು, ನೆಮ್ಮದಿಯಿಂದಲೇ. ಅದಾಗಿ ಸ್ವಲ್ಪ ಕಾಲಕ್ಕೆ ಪ್ರೊಫೆಸರೂ ಹೋದರು. ನಾನು ಮರುಗಲಿಲ್ಲ.

ಹೋದ ತಿಂಗಳು ಒಬ್ಬಳು ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಅದೇ ಪ್ರಯೋಗಾಲಯದಲ್ಲಿ ಈಗ ಸಂಶೋಧನೆ ಮಾಡುತ್ತಿರುವವಳು. ಬಟ್ಟೆ ಹೊಲಿಸಲು ಬಂದಳೆಂದು ನಾನು ಟೇಪು ಕೈಗೆತ್ತಿಕೊಂಡಿದ್ದೆ. ಅಕ್ಕನನ್ನು ಕೇಳಿದಳು. ಒಳಗೆ ಕರೆದು ಕೂರಿಸಿ ಟೀ ಕೊಟ್ಟೆ. ಹುಡುಗಿ ಬಲು ಸಂಕೋಚದಿಂದ ಶುರುಮಾಡಿದಳು.

"ಮೇಡಂ, ನಿಮ್ಮ ಪ್ರಯೋಗನ ನಾವು ಮತ್ತೆ ಮಾಡಿದ್ವಿ. ಅದೇ ಡಬ್ಬಿ, ಅದೇ ತಟ್ಟೆ. ಒಂದು ವಿಷಯ ಕೇಳ್ಬೇಕಿತ್ತು. ಅಳೀವಾಗ ಗೇಜ್ ಉರೀತಾ ಇತ್ತಾ?"

"ಇತ್ತು" ಎಂದಳು ಅಕ್ಕ.

"ಯಾವಾಗ್ಲೂ ದೂರದಿಂದ ಶುರುಮಾಡಿ ಹತ್ತಿರಕ್ಕೆ ಬರ್ತಿದ್ರಾ?"

"ಹೂಂ. ಗುಂಡು ತಟ್ಟೆಗೆ ತಾಗಿಬಿಟ್ರೆ ಎಲ್ಲಾ ಕೆಟ್ಟುಹೋಗತ್ತೆ. ಅದಕ್ಕೇ ಹತ್ತಿರದ್ದು ಕೊನೇಗೆ. ಎಲ್ರೂ ಹಾಗೇ ಮಾಡೋದು."

ಹುಡುಗಿ ಕಪ್ಪನ್ನು ಕೆಳಗಿಟ್ಟಳು. ಆಮೇಲೆ ನನಗೂ ತಿಳಿಯುವ ಹಾಗೆ ಹೇಳಿದಳು. ಕಾದ ತಂತಿ ಸುಮ್ಮನೆ ಉರಿಯುವುದಿಲ್ಲ, ಎಲೆಕ್ಟ್ರಾನುಗಳನ್ನು ಉಗುಳುತ್ತಿರುತ್ತದೆ. ಅವು ಗುಂಡನ್ನು ಹಿಡಿದಿರುವ ಅಂಟಿನ ಚುಕ್ಕೆಯ ಮೇಲೆ ಹೋಗಿ ಕೂರುತ್ತವೆ. ಅಂಟಿನಿಂದ ಹರಿದುಹೋಗಲು ದಾರಿಯಿಲ್ಲ. ಹೊತ್ತು ಕಳೆದಂತೆ ಚಾರ್ಜ್ ಸೇರುತ್ತ ಹೋಗುತ್ತದೆ, ವೋಲ್ಟೇಜ್ ಬದಲಾಗುತ್ತ ಹೋಗುತ್ತದೆ. ಅದೇ ಹೊತ್ತಿಗೆ ಅಕ್ಕ ಗುಂಡನ್ನು ಹತ್ತಿರ ಹತ್ತಿರ ತರುತ್ತಿದ್ದಳು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಕಾಲದಿಂದ ಆದದ್ದನ್ನು ದೂರದಿಂದ ಆದದ್ದು ಎಂದುಕೊಂಡಳು. ಬೇರೆ ಊರಿನವರ ತಟ್ಟೆಗಳಲ್ಲಿ ಇದ್ದದ್ದು ಬೇರೆ ತೊಂದರೆ. ಇಲ್ಲಿನ ತಟ್ಟೆ ಶುದ್ಧವಾಗಿತ್ತು.

"ಗೇಜ್ ಆರಿಸಿ ಅಳೆದ್ರೆ ಒಂದೇ ವೋಲ್ಟೇಜ್ ಸಾಕು ಮೇಡಂ. ಸರ್ ಮೊದಲು ಹೇಳಿದ ಅಂಕಿನೇ ಬರತ್ತೆ." ಹುಡುಗಿಯ ದನಿ ಇನ್ನೂ ಇಳಿಯಿತು. "ಇದನ್ನ ನಾವು ಬರೀಬೇಕು. ನಿಮ್ಮ ಹೆಸರು ಬರತ್ತೆ. ಕೇಳದೆ ಬರೆಯೋದು ಸರಿ ಅಲ್ಲ ಅಂತ ಬಂದೆ."

"ಬರೀರಿ" ಎಂದಳು ಅಕ್ಕ.

ಹುಡುಗಿಯನ್ನು ಬೀದಿಯ ತಿರುವಿನವರೆಗೆ ಬಿಟ್ಟು ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಜಿಪುಣತನಕ್ಕೆ ಗೇಜ್ ಆರಿಸಿದವನ ಅಳತೆ ಸರಿ. ಮೈಯೆಲ್ಲ ಕಣ್ಣಾಗಿ ಕಾದವಳ ಅಳತೆ ತಪ್ಪು. ಶೂನ್ಯ ಕೆಡದಿರಲಿ ಎಂದು ಇಟ್ಟ ಕಾವಲೇ ಅದನ್ನು ಕೆಡಿಸಿತ್ತು. ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಾವೆಲ್ಲ ಸೇರಿ ಮೆರವಣಿಗೆ ಮಾಡಿದ್ದೆವು. ನನ್ನ ಮದುವೆ, ನನ್ನ ಒಳಕೋಣೆ, ಇಷ್ಟು ವರ್ಷದ ಬೈಗುಳ ಎಲ್ಲ ಒಂದು ಚುಕ್ಕೆ ಅಂಟಿಗೆ. ಆದರೂ ಬಾಗಿಲಿಗೆ ಬರುವಷ್ಟರಲ್ಲಿ ನನಗೆ ಅವಳ ಮೇಲೆಯೇ ಕನಿಕರ ಬಂತು. ಗೊತ್ತಿಲ್ಲದೆ ಆದ ತಪ್ಪಿಗೆ ಯಾರೇನು ಮಾಡಿಯಾರು. ಪಾಪ, ಈ ವಯಸ್ಸಿನಲ್ಲಿ ಇದನ್ನು ಕೇಳಬೇಕಾಯಿತಲ್ಲ ಎಂದುಕೊಂಡು ಒಳಗೆ ಹೋದೆ.

ಅಕ್ಕ ಟೀ ಕಪ್ಪುಗಳನ್ನು ತೊಳೆಯುತ್ತಿದ್ದಳು.

"ಮನಸ್ಸಿಗೆ ಹಚ್ಕೋಬೇಡ" ಎಂದೆ. "ನಿಂಗೆ ಗೊತ್ತಿರಲಿಲ್ಲವಲ್ಲ."

"ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ. ಅವಳು ನಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗದೆ ಹೇಳಿದಳು.

"ಶಾಲೇಲಿ ಮಕ್ಕಳಿಗೆ ಎಲೆಕ್ಟ್ರೋಸ್ಕೋಪ್ ತೋರಿಸ್ತಿದ್ದೆ. ಚಾರ್ಜ್ ಕೊಟ್ಟ ಅದರ ತೆಳು ತಗಡಿನ ಎಲೆಗಳೆರಡೂ ಅಗಲವಾಗಿ ನಿಂತಿದ್ವು. ಪಕ್ಕದಲ್ಲಿ ಮೇಣದಬತ್ತಿ ಹಚ್ಚಿದ ತಕ್ಷಣ ಮುದುರಿಕೊಂಡವು. ಪ್ರತಿ ವರ್ಷ ಮಾಡೋ ಪಾಠ. ಬಿಸಿ ಪಕ್ಕದಲ್ಲಿದ್ರೆ ಚಾರ್ಜ್ ಇದ್ದ ಹಾಗೆ ಇರಲ್ಲ ಅಂತ ನಾನೇ ಹೇಳ್ತಿದ್ದೆ. ಆ ವರ್ಷ ಹೇಳ್ತಾ ಹೇಳ್ತಾ ಗೇಜಿನ ತಂತಿ ನೆನಪಾಯ್ತು."

ಪ್ರಯೋಗಾಲಯದ ಹಳೆಯ ಮೆಕ್ಯಾನಿಕ್ ಒಂದು ರಜೆಯ ದಿನ ಅವಳನ್ನು ಒಳಗೆ ಬಿಟ್ಟಿದ್ದನಂತೆ. ಗೇಜ್ ಆರಿಸಿ ಅಳೆದಳಂತೆ. ದೂರದಿಂದ ಹತ್ತಿರಕ್ಕೆ ಅಳೆದಳು, ಹತ್ತಿರದಿಂದ ದೂರಕ್ಕೂ ಅಳೆದಳು. ವೋಲ್ಟೇಜ್ ಕದಲಲಿಲ್ಲ.

"ಯಾವಾಗ ಇದು?"

"ಅಮ್ಮ ಹೋದ ವರ್ಷ. ಸರ್ ಪತ್ರಿಕೆಗೆ ಬರೆದಾದ ಮೇಲೆ."

"ನಂಗೆ ಯಾಕೆ ಹೇಳಲಿಲ್ಲ?"

"ನಿಂಗೆ ಹೇಗೆ ಹೇಳ್ಲಿ? ಆ ಹೆಮ್ಮೆ ಬಿಟ್ರೆ ನಿನ್ನ ಹತ್ರ ಇನ್ನೇನು ಉಳಿದಿತ್ತು?"

ಅವಳಿಗೆ ಹೊಡೆಯಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಹೆಡ್‌ಮಾಸ್ಟರರ ಭಾಷಣಕ್ಕೆ ತಲೆ ತಗ್ಗಿಸಿ ನಿಲ್ಲುತ್ತಿದ್ದವಳನ್ನು ನೆನೆದು ಮೈ ಉರಿಯಿತು. ಗೋಡೆಗೆ ಒರಗಿ ನಿಂತು, "ಅವರಿಗಾದ್ರೂ ಹೇಳಬಹುದಿತ್ತಲ್ಲ" ಎಂದೆ. "ಆ ಮನುಷ್ಯ ಆಗ ಬದುಕಿದ್ದರಲ್ಲ. ತಾನು ಅಳೆದದ್ದೆಲ್ಲ ಸುಳ್ಳು ಅಂದ್ಕೊಂಡು ಹೋದರಲ್ಲ."

"ಹೇಳೋಕೇ ಹೋಗಿದ್ದೆ" ಎಂದಳು ಅಕ್ಕ. "ಅವರ ಮನೆಗೆ. ಹಾಸಿಗೆ ಹಿಡಿದಿದ್ರು. ನಾನು ಬಂದಿದೀನಿ ಅಂತ ತಿಳಿದು ಎದ್ದು ಕೂತ್ಕೊಂಡ್ರು. ಕುರ್ಚಿ ಹತ್ರ ಎಳ್ಕೋ ಅಂದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ನನ್ನ ಎರಡೂ ಕೈ ಹಿಡ್ಕೊಂಡುಬಿಟ್ರು. ನೀನು ಹೇಳಿದ್ದೇ ಸರಿ ಇತ್ತಮ್ಮ, ನನ್ನ ಹೆಸರಿನ ಆಸೆಗೆ ನಿನ್ನ ಬದುಕು ಹಾಳುಮಾಡಿದೆ, ಕ್ಷಮಿಸು ಅಂದ್ರು. ಮಗು ಥರ ಅಳ್ತಿದ್ರು."

"ಆಮೇಲೆ?"

ಅಕ್ಕ ಕಪ್ಪುಗಳನ್ನು ಒಂದೊಂದಾಗಿ ಒರೆಸಿ ಬೋರಲು ಹಾಕಿದಳು.

"ಕ್ಷಮಿಸಿದೆ" ಎಂದಳು.